ಆಲೆಮನೆ ಮೇಲೆ ಪರಿಹಾರದ ಕೇಸು: ಸುಳ್ಳು ಕ್ಲೇಮು ಅಂತ ತೋರಿಸೋದು ಹೇಗೆ?

ಗಾಣದಮನೆ

ಎಲ್ಲರಿಗೂ ನಮಸ್ಕಾರ. ಮಂಡ್ಯದ ಹತ್ತಿರ ನಮ್ಮದೊಂದು ಆಲೆಮನೆ ಇದೆ. ತಾತನ ಕಾಲದ್ದು. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ನಡೆಸುವುದು ಅಣ್ಣ. ಅಪ್ಪ ದಿನಾ ಬಂದು ಕುರ್ಚಿ ಹಾಕಿಕೊಂಡು ಕೂರುತ್ತಾರೆ, ಎಷ್ಟು ಕೊಪ್ಪರಿಗೆ ಬೆಲ್ಲ ಇಳಿಯಿತು ಅಂತ ಪುಸ್ತಕದಲ್ಲಿ ಬರೆಯುತ್ತಾರೆ. ಆಳುಗಳು ಆರೇಳು ಜನ.

ಹೋದ ವಾರ ವಕೀಲರ ನೋಟಿಸ್ ಬಂತು. ಗಾಣದ ಬಾಯಿಗೆ ಕಬ್ಬು ಕೊಡುತ್ತಿದ್ದ ನಮ್ಮ ಆಳೊಬ್ಬರಿಗೆ 2025ರ ಆಗಸ್ಟ್ 14ರಂದು ಗಾಣದಲ್ಲಿ ಕೈ ಸಿಕ್ಕಿ ಬಲಗೈಯ ಎರಡು ಬೆರಳು ಹೋದವಂತೆ. ವಯಸ್ಸು 35, ಸಂಬಳ 18,000, ಎಂಟು ಲಕ್ಷ ಕೊಡಿ ಅಂತ ಇದೆ. ಅಣ್ಣ ಹೇಳುವುದೇ ಬೇರೆ. ಅವನು ತನ್ನ ಊರಿನಲ್ಲಿ ಮೇವು ಕತ್ತರಿಸುವ ಮಷೀನಿಗೆ ಕೈ ಸಿಕ್ಕಿಸಿಕೊಂಡು, ಈಗ ನಮ್ಮ ತಲೆಗೆ ಕಟ್ಟುತ್ತಿದ್ದಾನೆ ಅಂತಾನೆ.

ನನ್ನ ಹತ್ತಿರ ಒಂದು ಗಟ್ಟಿ ಸಾಕ್ಷಿ ಇದೆ. ಆಗಸ್ಟ್ 12ರಿಂದ 16ರವರೆಗೆ ನಮ್ಮ ಗಾಣ ತಿರುಗಲೇ ಇಲ್ಲ. ಮೋಟಾರ್ ಸುಟ್ಟು ರಿವೈಂಡಿಂಗ್‌ಗೆ ಹೋಗಿತ್ತು. ಅಂಗಡಿಯ ಚೀಟಿ ಇದೆ. ಅಪ್ಪನ ಪುಸ್ತಕದಲ್ಲಿ 14ರ ಪುಟ ಖಾಲಿ. ನಿಂತ ಗಾಣಕ್ಕೆ ಕೈ ಸಿಗುತ್ತದಾ? ಇದನ್ನು ಸುಳ್ಳು ಅಂತ ತೋರಿಸೋಕೆ ಇನ್ನೇನು ಬೇಕು? ಗೊತ್ತಿರುವವರು ಹೇಳಿ.

ಸುಮ್ನೆ ಓದುವವ

ಕುಡಿದು ಬಂದಿದ್ದ ಅಂತ ಉತ್ತರ ಬರೆಸಿಬಿಡಿ. ಕುಡಿದವರಿಗೆ ಪರಿಹಾರ ಇಲ್ಲ. ಮುಗೀತು.

ಕರಿ ಕೋಟು

ಮುಗಿಯಲ್ಲ ಸ್ವಾಮಿ. ಶುರುವಾಗುತ್ತದೆ. ಕುಡಿದಿದ್ದರಿಂದಲೇ ಗಾಯ ಆಯಿತು ಅಂತ ಮಾಲೀಕ ಸಾಬೀತು ಮಾಡಬೇಕು, ಬಾಯಿ ಮಾತಲ್ಲಿ ಹೇಳಿದರೆ ಸಾಲದು. ಸಾವು ಅಥವಾ ಶಾಶ್ವತ ಪೂರ್ಣ ಅಂಗವಿಕಲತೆ ಆದರಂತೂ ಆ ವಾದವೇ ನಡೆಯಲ್ಲ. ಮೇಲಾಗಿ ಒಂದು ಕಡೆ "ನಮ್ಮಲ್ಲಿ ಅಪಘಾತವೇ ಆಗಿಲ್ಲ" ಅಂತ ಬರೆದು ಇನ್ನೊಂದು ಕಡೆ "ಕುಡಿದಿದ್ದ" ಅಂದರೆ ಜಡ್ಜ್ ನಗುತ್ತಾರೆ.

ಗಾಣದಮನೆಯವರೇ, ಮೊದಲು ಲೆಕ್ಕ ತಿಳಿದುಕೊಳ್ಳಿ. ಎಂಟು ಲಕ್ಷ ಅನ್ನೋದು ಚೌಕಾಸಿಗೆ ಹಾಕಿದ ಅಂಕಿ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ ನಿಜ. ನಿಮ್ಮದು ಆಗಸ್ಟ್‌ನ ಅಪಘಾತ, ಅದಕ್ಕೆ 1923ರ ನೌಕರರ ಪರಿಹಾರ ಕಾಯ್ದೆಯ ಲೆಕ್ಕ. ಸಂಬಳ ಎಷ್ಟೇ ಇರಲಿ, 2020ರ ಜನವರಿಯಿಂದ ಲೆಕ್ಕಕ್ಕೆ ಹಿಡಿಯೋದು ಹೆಚ್ಚೆಂದರೆ 15,000. ಅದರ 60 ಪರ್ಸೆಂಟ್ 9,000. ವಯಸ್ಸು 35ಕ್ಕೆ ಕಾಯ್ದೆಯಲ್ಲಿ ಗುಣಿಸುವ ಅಂಶ 197.06. ಗುಣಿಸಿದರೆ 17,73,540, ಇದು ದುಡಿಮೆ ಪೂರ್ತಿ ಹೋದವರಿಗೆ. ಒಂದು ಕೈಯ ಎರಡು ಬೆರಳು ಹೋದರೆ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಅದರ 20 ಪರ್ಸೆಂಟ್. ಅಲ್ಲಿಗೆ 3,54,708 ರೂಪಾಯಿ, ಜೊತೆಗೆ ಆಸ್ಪತ್ರೆ ಖರ್ಚು. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ 12 ಪರ್ಸೆಂಟ್ ಬಡ್ಡಿ. ಸಕಾರಣ ಇಲ್ಲದೆ ತಡ ಮಾಡಿದರೆ 50 ಪರ್ಸೆಂಟ್‌ವರೆಗೆ ದಂಡ ಬೇರೆ.

ಇದು ಕನಿಷ್ಠ ಲೆಕ್ಕ ಅಂತ ಇಟ್ಟುಕೊಳ್ಳಿ. 1975ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಒಬ್ಬ ಬಡಗಿಯ ಕೇಸು ಬಂದಿತ್ತು. ಎಡಗೈ ಮೊಣಕೈ ಮೇಲಕ್ಕೆ ಹೋಗಿತ್ತು. ಒಂಟಿ ಕೈಯಲ್ಲಿ ಬಡಗಿ ಕೆಲಸ ಆಗಲ್ಲ ಅಂತ ಅವನ ದುಡಿಮೆ ಪೂರ್ತಿ ಹೋಯಿತು ಎಂದೇ ಹಿಡಿದರು. ಗಾಯದ ಜೊತೆಗೆ ಕಸುಬನ್ನೂ ಕೋರ್ಟ್ ನೋಡುತ್ತದೆ.

ಹಳೇ ತನಿಖೆಗಾರ

ನಾನು ಮೈಸೂರಿನಲ್ಲಿ ಇನ್ಶೂರೆನ್ಸ್ ಕಂಪನಿಗಳಿಗೆ ತನಿಖೆ ಮಾಡಿಕೊಂಡಿದ್ದವನು. ಈಗ ರಿಟೈರ್ ಆಗಿ ಗಿಡಕ್ಕೆ ನೀರು ಹಾಕುತ್ತೇನೆ. ಈ ವಿಷಯ ಅಂದರೆ ಸುಮ್ಮನಿರಲು ಆಗುವುದಿಲ್ಲ.

ಸುಳ್ಳು ಹಿಡಿಯಲು ದೊಡ್ಡ ಪತ್ತೇದಾರಿ ಬೇಕಿಲ್ಲ. ಮೊದಲ ಆರು ಗಂಟೆಯ ಕಾಗದ ಹುಡುಕಿ. ವಕೀಲರು, ಏಜೆಂಟು, ಊರಿನ ಪುಢಾರಿ ಇವರೆಲ್ಲ ಬರುವ ಮುಂಚೆ ಹುಟ್ಟಿದ ಕಾಗದ. ಅದರಲ್ಲಿ ನೋವು ಇರುತ್ತದೆ, ಜಾಣತನ ಇರುವುದಿಲ್ಲ. ಆಸ್ಪತ್ರೆಯ ಒಪಿಡಿ ಚೀಟಿ, ಎಂಎಲ್‌ಸಿ ರಿಜಿಸ್ಟರ್ (ಪೊಲೀಸರಿಗೆ ತಿಳಿಸುವ ಗಾಯಗಳ ದಾಖಲೆ), ಆಂಬ್ಯುಲೆನ್ಸ್ ಕರೆದ ಹೊತ್ತು, ಯಾರು ಕರೆದುಕೊಂಡು ಬಂದರು ಅನ್ನುವ ಹೆಸರು. ಮೂರು ದಿನ ಆದ ಮೇಲೆ ಬರೆದ ದೂರನ್ನು ನಾನು ಕೊನೆಗೆ ಓದುತ್ತಿದ್ದೆ.

ಒಂದು ಕೇಸು ಹೇಳುತ್ತೇನೆ. ಊರಿನ ಹೆಸರು ಬೇಡ. ಕಬ್ಬಿನ ಟ್ರ್ಯಾಕ್ಟರ್ ನಾಲೆ ಏರಿ ಮೇಲೆ ಮಗುಚಿತು. ಟ್ರೈಲರ್‌ನಲ್ಲಿ ಹನ್ನೊಂದು ಜನ. ಪಾಪ, ಪೆಟ್ಟು ನಿಜ, ಅದರಲ್ಲಿ ಎರಡು ಮಾತಿಲ್ಲ. ಎಲ್ಲರೂ ಕಬ್ಬು ತುಂಬುವ ಕೂಲಿಗಳು ಅಂತ ಕ್ಲೇಮು ಬಂತು. ಯಾಕೆ ಅಂದರೆ, ಟ್ರೈಲರ್‌ನಲ್ಲಿ ಸುಮ್ನೆ ಕೂತು ಹೋಗುವವರಿಗೆ ಆ ಪಾಲಿಸಿಯಲ್ಲಿ ಹಣ ಇಲ್ಲ. ಪ್ರೀಮಿಯಂ ಕಟ್ಟಿದ್ದರೆ ಕೂಲಿಯವರಿಗೆ ಇದೆ. ನಾನು ಪೊಲೀಸರ ಮಹಜರ್ ಫೋಟೋ ತರಿಸಿದೆ. ಗದ್ದೆ ಬದಿಯಲ್ಲಿ ಸ್ಟೀಲ್ ಡಬ್ಬಿ ಚೆಲ್ಲಿದೆ, ಒಳಗೆ ಹೋಳಿಗೆ. ಒಬ್ಬ ಹೆಂಗಸು ರೇಷ್ಮೆ ಸೀರೆಯಲ್ಲಿ ಕೂತಿದ್ದಾರೆ, ತಲೆ ತುಂಬ ಹೂವು. ರೇಷ್ಮೆ ಸೀರೆ ಉಟ್ಟು ಯಾರು ಕಬ್ಬು ತುಂಬುತ್ತಾರೆ? ಬೀಗರ ಊಟಕ್ಕೆ ಹೋಗಿ ಬರುತ್ತಿದ್ದರು. ಅವತ್ತಿನ ಕಟಾವು ಪರ್ಮಿಟ್ ಇಲ್ಲ, ಫ್ಯಾಕ್ಟರಿಯ ತೂಕದ ಚೀಟಿಯೂ ಇಲ್ಲ. ಇಷ್ಟೇ ತನಿಖೆ.

ಆ ಸುಳ್ಳನ್ನು ಹೇಳಿಕೊಟ್ಟವರು ಆ ಹನ್ನೊಂದು ಜನರಲ್ಲಿ ಯಾರೂ ಅಲ್ಲ. ಆಸ್ಪತ್ರೆ ಗೇಟಿನ ಹತ್ತಿರ ನಿಂತು "ಕೂಲಿ ಅಂತ ಹೇಳಿ, ಹಣ ಬರುತ್ತೆ" ಅಂದವನು ಒಬ್ಬನಿದ್ದ. ಅವನ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ.

ಇನ್ನೊಂದು ಆಟ ಇದೆ. ಕೆಲಸದ ಮೇಲಿದ್ದಾಗ ವಾಹನ ಅಪಘಾತ ಆದರೆ ಮೋಟಾರು ವಾಹನ ಕಾಯ್ದೆಯ ಕೆಳಗೂ ಕೇಳಬಹುದು, ನೌಕರರ ಪರಿಹಾರ ಕಾಯ್ದೆಯ ಕೆಳಗೂ ಕೇಳಬಹುದು. ಎರಡರಲ್ಲೂ ಕೇಳುವಂತಿಲ್ಲ, ವಾಹನ ಕಾಯ್ದೆಯ 167ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಮೈಸೂರಿನಲ್ಲಿ ಒಂದು, ಬೇರೆ ಜಿಲ್ಲೆಯ ಕೋರ್ಟಿನಲ್ಲಿ ಇನ್ನೊಂದು ಹಾಕಿ, ಹೆಸರಿನ ಇನಿಷಿಯಲ್ ಸ್ವಲ್ಪ ಬದಲಾಯಿಸಿದ್ದನ್ನು ನೋಡಿದ್ದೇನೆ. ಗಾಯದ ಸರ್ಟಿಫಿಕೇಟ್ ನಂಬರ್ ಮಾತ್ರ ಒಂದೇ ಇತ್ತು.

ಈಗ ನಿಮ್ಮ ವಿಷಯ. ಆಲೆಮನೆಗೆ ಇನ್ಶೂರೆನ್ಸ್ ಇದೆಯಾ? ಇದ್ದರೆ ಯಾವ ದಿನದಿಂದ?

ಗಾಣದಮನೆ

ಇದೆ ಸರ್. ಆಳುಗಳಿಗೆ ಅಂತ ಅಣ್ಣ ಮಾಡಿಸಿದ್ದಾನೆ. ಪಾಲಿಸಿ ನೋಡಿದೆ, ಆಗಸ್ಟ್ 11ರಿಂದ ಶುರು. ಕಂಪನಿಯಿಂದ ಒಂದು ಪತ್ರ ಬಂದಿದೆ, ಆಸ್ಪತ್ರೆ ಕಾಗದ ಕಳಿಸಿ ಅಂತ. ಅಣ್ಣ ಉತ್ತರ ಕೊಟ್ಟಿಲ್ಲ. ಸುಳ್ಳು ಕೇಸಿಗೆ ಯಾಕೆ ಕೊಡಬೇಕು ಅಂತಾನೆ.

ನಂಜನಗೂಡು ಶಿಫ್ಟ್

ನಾನು ನಂಜನಗೂಡು ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಎಚ್‌ಆರ್. ನಮ್ಮಲ್ಲಿ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ ಇರುವುದರಿಂದ ಕಥೆ ಬೇರೆ. ಇಎಸ್‌ಐ ಇದ್ದವರು ನೌಕರರ ಪರಿಹಾರ ಕಾಯ್ದೆಯಲ್ಲಿ ಮತ್ತೆ ಕೇಳುವಂತಿಲ್ಲ. ಸಂಬಳ 21,000 ಒಳಗಿದ್ದರೆ ಇಎಸ್‌ಐ. ಅಪಘಾತ ಆದ ಕೂಡಲೇ ನಾವು ಅಪಘಾತದ ವರದಿ, ಅಂದರೆ ಫಾರಂ 12 ಕಳಿಸಬೇಕು.

ನಮಗೆ ತಲೆನೋವು ಅಂದರೆ ಸೋಮವಾರ ಬೆಳಿಗ್ಗೆ. ಭಾನುವಾರ ಕ್ರಿಕೆಟ್ ಆಡಿ ಮಣಿಕಟ್ಟು ಉಳುಕಿಸಿಕೊಂಡ ಹುಡುಗನೊಬ್ಬ ಸೋಮವಾರ ಪಂಚ್ ಮಾಡಿದ ಎಂಟನೇ ನಿಮಿಷಕ್ಕೆ ಮೆಷೀನ್ ಹತ್ತಿರ ಜಾರಿ ಬಿದ್ದೆ ಅಂದ. ಕಾರಣ ಇದೆ. ಕಾಯಿಲೆ ರಜೆ ಆದರೆ ಇಎಸ್‌ಐ ಸಂಬಳದ 70 ಪರ್ಸೆಂಟ್ ಕೊಡುತ್ತದೆ, ಕೆಲಸದಲ್ಲಾದ ಗಾಯಕ್ಕೆ 90. ಬಿದ್ದ ಜಾಗದಲ್ಲಿ ಕ್ಯಾಮೆರಾ ಇರಲಿಲ್ಲ. ಆದರೆ ಅವನ ವಾಟ್ಸಾಪ್ ಸ್ಟೇಟಸ್‌ನಲ್ಲಿ ಭಾನುವಾರ ಸಂಜೆ ಕಪ್ ಹಿಡಿದ ಫೋಟೋ, ಕೈಗೆ ಕ್ರೇಪ್ ಬ್ಯಾಂಡೇಜ್! ಕರೆದು ತೋರಿಸಿದೆ. ನಕ್ಕುಬಿಟ್ಟ. ಕಾಯಿಲೆ ರಜೆ ಬರೆಸಿ ಕಳಿಸಿದೆವು.

ಎಡಗೈ

ಎಚ್‌ಆರ್ ಮೇಡಂ, ನೀವು ತಮಾಷೆಯಾಗಿ ಬರೆದದ್ದು ಓದಿದೆ. ನನ್ನದೂ ಸೋಮವಾರ ಬೆಳಿಗ್ಗೆಯೇ ಆಗಿದ್ದು. ಪ್ರೆಸ್ ಮೆಷೀನಿಗೆ ಕೈ ಸಿಗದಂತೆ ಹಾಕುವ ಗಾರ್ಡ್ ಭಾನುವಾರ ಸರ್ವಿಸ್‌ಗೆ ಬಿಚ್ಚಿದ್ದರು, ಮತ್ತೆ ಹಾಕಿರಲಿಲ್ಲ. ಬಲಗೈ ಹೆಬ್ಬೆರಳು ಹೋಯಿತು. ಸೂಪರ್‌ವೈಸರ್ ಕೇಳಿದ ಮೊದಲ ಪ್ರಶ್ನೆ "ನಿನ್ನೆ ಎಲ್ಲಿಗೆ ಹೋಗಿದ್ದೆ?"

ಆ ಕಂಪನಿ ಯಾವುದು ಅಂತ ಬರೆಯಲ್ಲ. ಒಳಗಿದ್ದದ್ದು ಕಂಟ್ರಾಕ್ಟರ್ ಆಳಾಗಿ. ಕಂಟ್ರಾಕ್ಟರ್ ಪ್ರಕಾರ ನಾನು ಅವನ ಪಟ್ಟಿಯಲ್ಲೇ ಇರಲಿಲ್ಲ. ನನ್ನ ಇಎಸ್‌ಐ ನಂಬರ್ ಹುಟ್ಟಿದ್ದು ನಾನು ಆಸ್ಪತ್ರೆಯಲ್ಲಿ ಮಲಗಿದ್ದ ಮಧ್ಯಾಹ್ನ. ಒಂದೂವರೆ ವರ್ಷ ದುಡಿದವನು, ಕಾಗದದಲ್ಲಿ ಆ ದಿನವೇ ಸೇರಿದವನಾದೆ. ಇದನ್ನು ಯಾರೂ ಫ್ರಾಡ್ ಅನ್ನಲ್ಲ. ಅಡ್ಜಸ್ಟ್‌ಮೆಂಟ್ ಅಂತಾರೆ. ಕೂಲಿಯವನು ಒಂದು ದಿನಾಂಕ ತಪ್ಪು ಹೇಳಿದರೆ ಮಾತ್ರ ಅದು ಫ್ರಾಡ್.

ಗಾಣದಮನೆಯವರೇ, 14ರ ಪುಟ ನೋಡಿದಿರಿ. ಅದರ ಹಿಂದಿನ ಪುಟಗಳನ್ನು ನೋಡಿದಿರಾ?

ರೆಕಾರ್ಡ್ ರೂಮ್

ಆಸ್ಪತ್ರೆ ಕಾಗದದ ಬಗ್ಗೆ ಎರಡು ಮಾತು. ನನ್ನ ಕೆಲಸವೇ ಅದು.

ಬೇರೆಯವರ ಕೇಸ್ ಶೀಟ್ ಕೇಳಿದರೆ ನಾವು ಕೊಡುವುದಿಲ್ಲ. ಮಾಲೀಕರಾದರೂ ಅಷ್ಟೇ. ಕೌಂಟರ್‌ನಲ್ಲಿ ನೂರು ರೂಪಾಯಿ ಮಡಚಿ ತೋರಿಸುವವರು ಇದ್ದಾರೆ, ದಯವಿಟ್ಟು ಆ ಕೆಲಸ ಮಾಡಬೇಡಿ. ಗಾಯಾಳು ಅರ್ಜಿ ಕೊಟ್ಟರೆ ಪ್ರತಿ ಸಿಗುತ್ತದೆ. ಇಲ್ಲವಾದರೆ ಕೋರ್ಟ್ ಸಮನ್ಸ್ ಕಳಿಸಿ ರಿಜಿಸ್ಟರನ್ನೇ ತರಿಸಿಕೊಳ್ಳುತ್ತದೆ. ಎಂಎಲ್‌ಸಿ ಆದರೆ ಪೊಲೀಸರಿಗೂ ಮಾಹಿತಿ ಹೋಗಿರುತ್ತದೆ.

ಮೇವಿನ ಮಷೀನೋ ಗಾಣವೋ ಅನ್ನೋದನ್ನು ಗಾಯವೇ ಹೇಳುತ್ತದೆ. ಮೇವಿನ ಮಷೀನಿನದು ಬ್ಲೇಡು. ಸಾಮಾನ್ಯವಾಗಿ ಅಂಚು ನೀಟಾಗಿ ಕತ್ತರಿಸಿದ ಹಾಗೆ ಇರುತ್ತದೆ. ಗಾಣದ್ದು ಉರುಳೆ. ಅದು ಕತ್ತರಿಸಲ್ಲ, ಎಳೆದುಕೊಂಡು ಅರೆಯುತ್ತದೆ. ಚರ್ಮ ಕೈಗವಸಿನ ಹಾಗೆ ಸುಲಿದು ಬಂದಿರುತ್ತದೆ, ಮೂಳೆ ಪುಡಿ. ಒಂದು ಸಲ ಡ್ರೆಸ್ಸಿಂಗ್ ರೂಮಿನಲ್ಲಿ ಗಾಯ ತೊಳೆಯುವಾಗ ನೀರಿನಲ್ಲಿ ಕಬ್ಬಿನ ಸಿಪ್ಪೆಯ ನಾರು ತೇಲಿ ಬಂದಿದ್ದನ್ನು ಸಿಸ್ಟರ್ ತೋರಿಸಿದ್ದರು. ಆಮೇಲೆ ಎಷ್ಟೋ ದಿನ ನಾನು ಕಬ್ಬಿನ ಹಾಲು ಕುಡಿಯಲಿಲ್ಲ.

ಹಳೇ ಗಾಯವನ್ನು ಹೊಸದು ಅನ್ನುವವರಿಗೂ ಇದೇ ಪರೀಕ್ಷೆ. ಮೂಳೆ ಮುರಿದು ಎರಡು ಮೂರು ವಾರ ಆದಮೇಲೆ ಎಕ್ಸ್‌ರೇಯಲ್ಲಿ ಸುತ್ತ ಹೊಸ ಮೂಳೆಯ ನೆರಳು ಕಾಣತೊಡಗುತ್ತದೆ. ನಿನ್ನೆ ಬಿದ್ದೆ ಅಂತ ಬಂದವರ ಪ್ಲೇಟಿನಲ್ಲಿ ಆ ನೆರಳು ಇದ್ದರೆ ಡಾಕ್ಟರ್ ಏನೂ ಮಾತಾಡಲ್ಲ, ಬರೆದಿಡುತ್ತಾರೆ ಅಷ್ಟೇ.

ಹಳೇ ತನಿಖೆಗಾರ

ಗಾಣದಮನೆಯವರೇ, ನಿಮ್ಮ ಉತ್ತರ ಎರಡು ಸಲ ಓದಿದೆ. ಪಾಲಿಸಿ 11ಕ್ಕೆ, ಅಪಘಾತ 14ಕ್ಕೆ. ತಾತನ ಕಾಲದಿಂದ ಇಲ್ಲದ ಇನ್ಶೂರೆನ್ಸ್ ಆ ವಾರವೇ ಯಾಕೆ ಬಂತು?

ಪಾಲಿಸಿ ಶುರುವಾದ ದಿನಕ್ಕೆ ಅಂಟಿಕೊಂಡಂತೆ ಕ್ಲೇಮು ಬಂದರೆ ಕಂಪನಿ ತಪ್ಪದೆ ತನಿಖೆಗೆ ಕಳಿಸುತ್ತದೆ. ಅಂಥವನ್ನು ನಾನು ತುಂಬ ನೋಡಿದ್ದೇನೆ. ಅಪಘಾತ ಮೊದಲು ಆಗಿರುತ್ತದೆ, ಪಾಲಿಸಿ ಆಮೇಲೆ, ಕ್ಲೇಮಿನಲ್ಲಿ ಬರೆದ ದಿನಾಂಕ ಅದಕ್ಕಿಂತ ಆಮೇಲೆ. ಬೇಜಾರು ಮಾಡಿಕೊಳ್ಳಬೇಡಿ. ಕಂಪನಿಗೆ ಕ್ಲೇಮ್ ಫಾರಂ ಕೊಟ್ಟವರು ಯಾರು? ನೀವೇ ಹೇಳಿದ ಹಾಗೆ ಕಂಪನಿ ಕಾಗದ ಕೇಳುತ್ತಿದೆ. ಯಾರೋ ಕ್ಲೇಮು ಹಾಕದೆ ಕಂಪನಿ ಯಾಕೆ ಪತ್ರ ಬರೆಯುತ್ತದೆ?

ಅಣ್ಣನ ಹತ್ತಿರ ಒಂದು ಸಲ ಕೂತು ಮಾತಾಡಿ. ಆಮೇಲೆ ಆ ಆಳಿನ ಮನೆಗೂ ಹೋಗಿ ಬನ್ನಿ. ವಕೀಲರಿಗೆ ತಿಳಿಸಿ ಹೋಗಿ.

ಸುಮ್ನೆ ಓದುವವ

ಅಯ್ಯೋ.

ಗಾಣದಮನೆ

ಹತ್ತು ದಿನ ಆಯಿತು. ಬರೆಯಲು ಮನಸ್ಸಿರಲಿಲ್ಲ. ಆದರೆ ನೀವೆಲ್ಲ ಅಷ್ಟು ಹೇಳಿದ ಮೇಲೆ ಬರೆಯದಿದ್ದರೆ ತಪ್ಪಾಗುತ್ತದೆ.

ಎಡಗೈ ಅವರು ಹೇಳಿದ್ದಕ್ಕೆ ಅಪ್ಪನ ಪುಸ್ತಕ ಮತ್ತೆ ತೆಗೆದೆ. ಅಪ್ಪ ದಿನಕ್ಕೆ ಒಂದು ಪುಟ ಬಿಡುತ್ತಾರೆ. ಪೆನ್ಸಿಲ್ಲಿನಲ್ಲಿ ದಪ್ಪ ಅಕ್ಷರ. ಆಗಸ್ಟ್ 8: "5 ಕೊಪ್ಪರಿಗೆ". ಆಗಸ್ಟ್ 9, ಶನಿವಾರ: "ಅರ್ಧ. ನಿಲ್ಲಿಸಿದೆ." ಅದರ ಕೆಳಗೆ ಏನೋ ಬರೆದು ಅಳಿಸಿದ್ದಾರೆ. ಅಪ್ಪನ ಮುಂದೆ ಪುಟ ಹಿಡಿದೆ. ಕನ್ನಡಕ ತೆಗೆದು ಒರೆಸಿಕೊಂಡರು. "ನೀನು 14 ಕೇಳಿದೆ, ನಾನು 14 ತೋರಿಸಿದೆ" ಅಂದರು.

ಆಮೇಲೆ ಆ ಆಳಿನ ಮನೆಗೆ ಹೋದೆ. ನಮ್ಮ ವಕೀಲರು ಅವರ ವಕೀಲರಿಗೆ ಫೋನ್ ಮಾಡಿ ಹೇಳಿದ್ದರು. ನಾನು ಜಗಳಕ್ಕೆ ಬಂದೆ ಅಂದುಕೊಂಡು ಅವರ ಹೆಂಡತಿ ಬಾಗಿಲಲ್ಲೇ ನಿಂತರು. ಒಳಗೆ ಕರೆಯಲು ಹೊತ್ತಾಯಿತು. ರೇಷನ್ ಕಾರ್ಡು, ಮಗಳ ಶಾಲೆ ಚೀಟಿ ಇಟ್ಟ ಪ್ಲಾಸ್ಟಿಕ್ ಕವರಿನಿಂದ ಒಪಿಡಿ ಚೀಟಿ ತೆಗೆದರು. ಅವರೇ ಎಡಗೈಯಲ್ಲಿ ಮಡಿಕೆ ಬಿಡಿಸಿದರು. ಆಗಸ್ಟ್ 9, ಬೆಳಿಗ್ಗೆ 6.40. ಕಬ್ಬಿನ ಗಾಣಕ್ಕೆ ಕೈ ಸಿಕ್ಕಿ ಜಜ್ಜಿದೆ ಅಂತ ಇಂಗ್ಲಿಷಿನಲ್ಲಿ ಗೀಚಿದೆ. ಕರೆತಂದವರು ಅನ್ನುವ ಜಾಗದಲ್ಲಿ ನಮ್ಮಣ್ಣನ ಹೆಸರು, ಅವನ ಮೊಬೈಲ್ ನಂಬರ್.

ಅಣ್ಣ ರಾತ್ರಿ ಒಪ್ಪಿಕೊಂಡ. ಸೋಮವಾರ ಒಬ್ಬ ಪರಿಚಯದವರ ಮೂಲಕ ಪಾಲಿಸಿ ಮಾಡಿಸಿದ. "14 ಅಂತ ಹೇಳು, ಪೂರ್ತಿ ದುಡ್ಡು ಬರುತ್ತೆ" ಅಂತ ಆಳಿಗೆ ಹೇಳಿಕೊಟ್ಟ. ಮೋಟಾರ್ ಅಷ್ಟರಲ್ಲಿ ಸುಟ್ಟಿದ್ದು ಅವನಿಗೆ ತಲೆಗೆ ಹೊಳೆಯಲೇ ಇಲ್ಲ. ಕಂಪನಿಯವರು ಮೊದಲ ದಿನದ ಚೀಟಿ ಕೇಳಿದಾಗ ಹೆದರಿ ಸುಮ್ಮನಾದ. ಆಳು ಮೂರು ತಿಂಗಳು ಕಾದರು. ಅಣ್ಣ ಫೋನ್ ಎತ್ತುವುದನ್ನೇ ಬಿಟ್ಟ ಮೇಲೆ ವಕೀಲರ ಹತ್ತಿರ ಹೋದರು, ಅವನು ಕಲಿಸಿದ ದಿನಾಂಕವನ್ನೇ ಹೇಳಿದರು. ಮೇವಿನ ಮಷೀನು ಕಥೆ ನನಗಾಗಿ ಹುಟ್ಟಿದ್ದು.

ಸುಳ್ಳು ಕ್ಲೇಮು ಹಿಡಿಯಬೇಕು ಅಂತ ಬಂದೆ. ಹಿಡಿದೆ. ಈಗ ಏನು ಮಾಡಲಿ ಹೇಳಿ.

ಕರಿ ಕೋಟು

ಮೊದಲು ಇನ್ಶೂರೆನ್ಸ್ ಕಂಪನಿಗೆ ಬರೆದು ಕ್ಲೇಮು ವಾಪಸ್ ತೆಗೆದುಕೊಳ್ಳಿ, ನಿಜವಾದ ದಿನಾಂಕ ಸೇರಿಸಿಯೇ. ಇದು ವಂಚನೆಯ ಕೇಸಾಗಬಹುದಾದ ವಿಷಯ. ಹಾಗಾಗಿ ಪತ್ರದ ಪ್ರತಿ ಪದವನ್ನೂ ನಿಮ್ಮ ವಕೀಲರಿಗೆ ತೋರಿಸಿ ಕಳಿಸಿ. ಅಣ್ಣನಿಗೂ ಬೇರೆ ವಕೀಲರು ಇದ್ದರೆ ಒಳ್ಳೆಯದು.

ಪಾಲಿಸಿ ಇರಲಿ ಬಿಡಲಿ, ಪರಿಹಾರ ಕೊಡಬೇಕಾದವರು ನೀವು. ಮೋಟಾರ್ ಇಟ್ಟು ಗಾಣ ತಿರುಗಿಸುವ ಆಲೆಮನೆಗೆ ಕಾಯ್ದೆ ಅನ್ವಯಿಸುತ್ತದೆ, ದಿನಗೂಲಿ ಆಳು ಅನ್ನೋದು ನೆಪವಾಗಲ್ಲ. "ಎರಡು ಲಕ್ಷ ಇಟ್ಟುಕೋ, ಇಲ್ಲಿ ಸೈನ್ ಹಾಕು" ಅನ್ನುವ ಸ್ಟಾಂಪ್ ಪೇಪರ್ ಒಪ್ಪಂದಕ್ಕೆ ಬೆಲೆ ಇಲ್ಲ. ಕಾಯ್ದೆಯ ಹಕ್ಕನ್ನು ಬರೆದುಕೊಟ್ಟು ಬಿಡುವಂತಿಲ್ಲ. ಒಪ್ಪಂದ ಆದರೆ ಅದನ್ನು ನೌಕರರ ಪರಿಹಾರ ಕಮಿಷನರ್ ಹತ್ತಿರ ನೋಂದಣಿ ಮಾಡಿಸಿ. ಮೊದಲೆಲ್ಲ ಅದಕ್ಕೆ ಲೇಬರ್ ಆಫೀಸರ್ ಹತ್ತಿರ ಹೋಗುತ್ತಿದ್ದೆವು, ಈಗ ನಮ್ಮ ರಾಜ್ಯದಲ್ಲಿ ಸೀನಿಯರ್ ಸಿವಿಲ್ ಜಡ್ಜ್ ಕೋರ್ಟಿಗೆ ಹೋಗಬೇಕು. ಬಡ್ಡಿ ತಿಂಗಳಿಗೆ ಮೂರೂವರೆ ಸಾವಿರ ಏರುತ್ತಿದೆ, ಅದನ್ನೂ ಸೇರಿಸಿ.

ಅವರ ವಕೀಲರು ಕೋರ್ಟಿಗೆ ಹಾಕುವ ಮುಂಚೆ ದಿನಾಂಕ ಸರಿ ಮಾಡಿಕೊಳ್ಳಲಿ. ಅಪಘಾತವಾಗಿ ಎರಡು ವರ್ಷದೊಳಗೆ ಅರ್ಜಿ ಹಾಕಬಹುದು, ಅವಸರ ಇಲ್ಲ. ಪ್ರಮಾಣ ಮಾಡಿ 14 ಅಂದುಬಿಟ್ಟರೆ ಬೆರಳು ಕಳೆದುಕೊಂಡವರೇ ಸುಳ್ಳುಸಾಕ್ಷಿ ಹೇಳಿದವರಾಗುತ್ತಾರೆ.

ನಂಜನಗೂಡು ಶಿಫ್ಟ್

ಎಡಗೈ ಅವರೇ, ನಿಮ್ಮ ಮಾತು ಓದಿದ ಮೇಲೆ ನಮ್ಮ ಅಪಘಾತದ ಫಾರಂ ತೆಗೆದು ನೋಡಿದೆ. "ಹಿಂದಿನ ದಿನ ಎಲ್ಲಿದ್ದರು" ಅಂತ ನಾನೇ ಸೇರಿಸಿದ ಒಂದು ಕಾಲಂ ಇದೆ. "ಗಾರ್ಡ್ ಇತ್ತೇ" ಅನ್ನುವ ಕಾಲಂ ಇಲ್ಲ.

ಎಡಗೈ

ಸೇರಿಸಿ ಮೇಡಂ. ಮೇಲ್ಗಡೆಯೇ ಸೇರಿಸಿ.

ಹಳೇ ತನಿಖೆಗಾರ

ಗಾಣದಮನೆಯವರೇ, ಆ ಪರಿಚಯದವರು ಯಾರು ಅಂತ ಅಣ್ಣನನ್ನು ಕೇಳಿದಿರಾ? ಸೋಮವಾರ ಪಾಲಿಸಿ ಮಾಡಿಸಿ ದಿನಾಂಕ ಹೇಳಿಕೊಡುವಷ್ಟು ಗೊತ್ತಿರುವವನು ನಿಮ್ಮೊಬ್ಬರಿಗೇ ಹೇಳಿಕೊಟ್ಟಿರುವುದಿಲ್ಲ. ಕಂಪನಿಗೆ ಬರೆಯುವ ಪತ್ರದಲ್ಲಿ ಅದೂ ಇರಲಿ.

ಗಾಣದಮನೆ

ಕೇಳಿದೆ ಸರ್. ಹೆಸರು ಪತ್ರದಲ್ಲಿದೆ. ಪತ್ರ ಮೊನ್ನೆ ಸ್ಪೀಡ್ ಪೋಸ್ಟಿನಲ್ಲಿ ಹೋಯಿತು. ಹಣಕ್ಕೆ ಅಪ್ಪ ಸೊಸೈಟಿಯಲ್ಲಿಟ್ಟಿದ್ದ ಠೇವಣಿ ಮುರಿಸಿದ್ದಾರೆ. ಒಪ್ಪಂದದ ಕಾಗದ ಎರಡೂ ಕಡೆ ವಕೀಲರು ಬರೆಯುತ್ತಿದ್ದಾರೆ. ಗಾಣದ ಬಾಯಿಗೆ ಕಬ್ಬಿಣದ ತಗಡಿನ ಕೊಳವೆ ಮಾಡಿಸಿ ಹಾಕಿಸಿದೆ. ಈಗ ಕಬ್ಬು ಹೋಗುತ್ತದೆ, ಕೈ ಹೋಗುವುದಿಲ್ಲ. ಗ್ಯಾರೇಜಿನವನು ಮೂರು ಸಾವಿರದ ಇನ್ನೂರು ತೆಗೆದುಕೊಂಡ.

ರೆಕಾರ್ಡ್ ರೂಮ್

ಅಣ್ಣ ಮಾತಾಡುತ್ತಾರಾ?

ಗಾಣದಮನೆ

ಇಲ್ಲ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಉಪ್ಪಿನಕಾಯಿ ಬಟ್ಟಲನ್ನು ಈ ಕಡೆ ತಳ್ಳಿದ. ಅಷ್ಟೇ.